ನಮ್ಮ ಕಡೆಗೆ ತೆರೆಯುವ ಗೇಟು

ಮನೆ, ಹೊಲಿಗೆ ಯಂತ್ರದ ಪಕ್ಕ
ಬುಧವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಇಡೀ ದಿನ ಬೂಟು ಹಾಕಿಕೊಂಡು ನಿಲ್ಲುವ ಕೆಲಸ ನಿನ್ನದು, ಕೋಣೆಗೆ ಬಂದ ಕೂಡಲೇ ಪಾದಗಳನ್ನು ಬಿಸಿನೀರಿನಲ್ಲಿ ಇಟ್ಟುಕೋ ಅಂದಿದ್ದೆ. ಇಟ್ಟುಕೊಂಡಿರುವುದಿಲ್ಲ, ನನಗೆ ಗೊತ್ತು. ಹೊಸ ಸ್ಟೇಡಿಯಂನ ಗೇಟುಗಳೆಲ್ಲ ನಿನ್ನ ಸುಪರ್ದಿಯಲ್ಲಿವೆ, ಅಂಥವನನ್ನು ಇನ್ನೂ ಪುಟ್ಟ ಅನ್ನುತ್ತೀಯಲ್ಲ ಅಂತ ಪಕ್ಕದ ಮನೆಯವಳು ನಗುತ್ತಾಳೆ. ಅನ್ನುತ್ತೇನೆ, ಏನೀಗ? ಸಿಬ್ಬಂದಿಯ ಕೋಣೆಯಲ್ಲಿ ಕಿಟಕಿಯ ಸಂದಿಯಿಂದ ಗಾಳಿ ನುಗ್ಗುತ್ತದೆ ಅಂದಿದ್ದೆಯಲ್ಲ. ಚಿಂದಿ ತುಂಬಿ ಒಂದು ಉದ್ದನೆಯ ಬಟ್ಟೆಯ ಸುರುಳಿ ಹೊಲಿದಿದ್ದೇನೆ, ಇದರ ಜೊತೆಗೇ ಬರುತ್ತದೆ, ಸಂದಿಗೆ ಒತ್ತಿಡು. ಫೋನ್ ಮಾಡಿದರೆ "ಡ್ಯೂಟೀಲಿದೀನಮ್ಮಾ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀಯ. ನಿನ್ನ ಆ ಆಮೇಲೆ ಇನ್ನೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕ್ಯಾಂಟೀನಿನಲ್ಲಿ ಕೆಲಸ ಮಾಡುವಾಕೆ ತನ್ನ ಸಮವಸ್ತ್ರವನ್ನು ಬಿಗಿ ಮಾಡಲು ಕೊಟ್ಟಿದ್ದಾಳೆ. ಸಂಜೆ ಒಯ್ಯಲು ಬಂದಾಗ ಇದನ್ನು ಅವಳ ಕೈಲೇ ಕಳಿಸುತ್ತೇನೆ, ನಿನ್ನ ಕೈಗೇ ಕೊಡಬೇಕು ಅಂತ ಆಣೆ ಹಾಕಿಸಿಕೊಂಡೇ ಬಿಡುತ್ತೇನೆ.

ನಿಮ್ಮಪ್ಪ ಚೆನ್ನಾಗಿದ್ದಾರೆ ಅಂತ ಬರೆಯೋಣ ಅಂದುಕೊಂಡೆ, ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಊಟ ಮಾಡುತ್ತಾರೆ, ಮರ ಕೊಯ್ಯುತ್ತಾರೆ, ಯಾರೋ ತಂದ ಕುರ್ಚಿಯ ಕಾಲು ಕೂರಿಸಿಕೊಡುತ್ತಾರೆ, ಆದರೆ ಮನಸ್ಸು ಮಾತ್ರ ಇಲ್ಲಿಲ್ಲ. ಹಳೇ ಸ್ಟೇಡಿಯಂ ಕೆಡವಿದಾಗ ತಾವು ಕೂರುತ್ತಿದ್ದ ಬೆಂಚಿನ ಹಲಗೆಯನ್ನು ಹೆಗಲ ಮೇಲೆ ಹೊತ್ತು ತಂದಿದ್ದರಲ್ಲ, ಅದಕ್ಕೆ ಕಾಲು ಹಚ್ಚಿ ಅಡುಗೆಮನೆಯ ಗೋಡೆಗೆ ಹಾಕಿದ್ದಾರೆ. ಬೇರೆ ಯಾರೂ ಅದರ ಮೇಲೆ ಕೂರುವಂತಿಲ್ಲ. ಮೊನ್ನೆ ನಾನು ತರಕಾರಿ ಬುಟ್ಟಿ ಇಟ್ಟಿದ್ದಕ್ಕೆ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದರು. ಈ ವಯಸ್ಸಿನಲ್ಲಿ ಸವತಿ ಬಂದಳು ಅಂತ ಪಕ್ಕದ ಮನೆಯವಳಿಗೆ ಹೇಳಿ ನಕ್ಕೆ. ಮನೆಯಲ್ಲಿ ನಗು ಅಂತ ಇದ್ದದ್ದು ಅಷ್ಟೇ.

ಹೊಸ ಸ್ಟೇಡಿಯಂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತಲೆಯ ಮೇಲೆ ಸೂರಿದೆ. ಹೆಂಗಸರಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಶೌಚಾಲಯವಿದೆ. ಹಳೇ ಕಡೆ ಅದಿರಲಿಲ್ಲ, ಅದರ ಬಗ್ಗೆ ಈ ಗಂಡಸರು ಯಾರೂ ಒಂದು ಹಾಡು ಕಟ್ಟಲಿಲ್ಲ. ಆದರೆ ಇಷ್ಟು ವರ್ಷ ಭುಜಕ್ಕೆ ಭುಜ ತಾಗಿಸಿ ನಿಂತವರನ್ನು ಸೀಟು ಹಂಚುವ ಕಂಪ್ಯೂಟರು ಕಾಳು ಚೆಲ್ಲಿದ ಹಾಗೆ ಚೆಲ್ಲಿಬಿಟ್ಟಿದೆ. ನಿಮ್ಮಪ್ಪನಿಗೆ ಒಂದು ಮೂಲೆ, ಕ್ಷೌರದಂಗಡಿಯ ಗಂಟಲಣ್ಣನಿಗೆ ಇನ್ನೊಂದು ಮೂಲೆ. ಗಂಟಲಣ್ಣ ಹಾಡು ಎತ್ತಿದರೆ ಹಳೇ ಮೈದಾನವೆಲ್ಲ ಎತ್ತಿಕೊಳ್ಳುತ್ತಿತ್ತು, ಅದಕ್ಕೇ ತಾನೆ ಆ ಹೆಸರು ಬಂದದ್ದು. ಈಗ ಅವನು ಬಾಯಿ ತೆರೆದರೆ ಪಕ್ಕದವರು ಹಾಸ್ಯಗಾರನನ್ನು ನೋಡುವ ಹಾಗೆ ತಿರುಗಿ ನೋಡುತ್ತಾರಂತೆ. ದನಿಗೂಡಿಸುವವರು ಯಾರಾದರೂ ಸಿಗುವಷ್ಟರಲ್ಲಿ ಧ್ವನಿವರ್ಧಕದಲ್ಲಿ ಬೇರೆ ಯಾವುದೋ ಹಾಡು ಹಾಕಿಬಿಡುತ್ತಾರೆ. ಎರಡು ಬಸ್ಸು ಬದಲಿಸಿ ಅಷ್ಟು ದೂರ ಹೋಗಿ ಬಾಯಿ ಮುಚ್ಚಿಕೊಂಡು ಕೂರುವುದಕ್ಕೆ ಮನೆಯ ಟೀವಿ ಸಾಲದೇ ಅಂತ ಎಲ್ಲರಿಗೂ ಸಿಟ್ಟು. ತಂಡ ಸೋಲುತ್ತಿರುವುದೂ ಅದಕ್ಕೆ ಸೇರಿಕೊಂಡಿದೆ, ಗೆಲ್ಲುತ್ತಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಎಲ್ಲಕ್ಕಿಂತ ದೊಡ್ಡ ಸಿಟ್ಟು ಆ ನಡಿಗೆಯದು. ವಿರಾಮದಲ್ಲಿ ತಂಡಗಳು ಬದಿ ಬದಲಿಸಿದ ಹಾಗೆ ಇವರೂ ಬದಲಿಸುತ್ತಿದ್ದರಲ್ಲ. ನಮ್ಮವರು ಯಾವ ಗೋಲಿನತ್ತ ಚೆಂಡು ಒಯ್ಯುತ್ತಾರೋ ಅದರ ಹಿಂದೆಯೇ ಇವರು ನಿಂತಿರಬೇಕು. ಮೊದಲರ್ಧ ಮುಗಿದದ್ದೇ ಇಡೀ ಗುಂಪು ಎದ್ದು, ಹಾಡಿಕೊಂಡು, ಮೈದಾನ ಸುತ್ತಿಕೊಂಡು ಆ ತುದಿಗೆ ನಡೆಯುತ್ತಿತ್ತು. ಹೊರಟ ಮೇಲೆ ಒಬ್ಬರೂ ಹಿಂದಿರುಗುವಂತಿಲ್ಲ. ಹಿಂದಿರುಗಿದರೆ ನಮ್ಮ ಮೇಲೆ ಗೋಲು ಬೀಳುತ್ತದೆ ಅಂತ ನಂಬಿಕೆ. ನೀನು ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಹೋಗುತ್ತಾ ನಿನ್ನದೊಂದು ಬೂಟು ಜಾರಿ ಬಿತ್ತು, ನೆನಪಿದೆಯಾ? ನೀನು ಗೊಳೋ ಅಂತ ಅತ್ತೆ. ನಿಮ್ಮಪ್ಪ ತಿರುಗಲಿಲ್ಲ. ಒಂಟಿ ಬೂಟಿನ ಮಗನನ್ನು ಮನೆಗೆ ತಂದು ಬಾಗಿಲಲ್ಲಿ ನಿಲ್ಲಿಸಿ "ಗೆದ್ವಿ ಕಣೇ" ಅಂತ ಹಲ್ಲು ಕಿರಿದರು. ಉಳಿದ ಬೂಟು ನನ್ನ ಗುಂಡಿಗಳ ಡಬ್ಬದಲ್ಲಿ ಇನ್ನೂ ಇದೆ. ಇಷ್ಟು ದಿನ ಅದನ್ನು ಕಂಡರೆ ನಗು ಬರುತ್ತಿತ್ತು, ಈಗ ಹೆದರಿಕೆಯಾಗುತ್ತದೆ. ಅಳುವ ಮಗನ ಬೂಟಿಗೆ ತಿರುಗದವರು ಒಂದು ಗೇಟಿಗೆ ತಿರುಗುತ್ತಾರಾ?

ಮೊದಲ ಪಂದ್ಯದ ದಿನ ಅಲ್ಲಿ ಏನಾಯಿತು ಅಂತ ಅವರು ನನಗೆ ಹೇಳಿರಲಿಲ್ಲ. ಗೇಟು ಹಾಕಿತ್ತು, ವಾಪಸ್ಸು ಬಂದ್ವಿ ಅಂದಿದ್ದರು, ಅಷ್ಟೇ. ಹೋದ ವಾರ ಹೊಸ ಅಂಗಿಗೆ ಅಳತೆ ತೆಗೆಯೋಣ ಅಂತ ಎದೆಗೆ ಟೇಪು ಸುತ್ತಿದಾಗ ಹಲ್ಲು ಕಚ್ಚಿ ಉಸಿರು ಹಿಡಿದರು. ಅಂಗಿ ಬಿಚ್ಚಿಸಿ ನೋಡಿದೆ. ಎದೆಯ ಮೇಲೆ ನೀಲಿಗಟ್ಟಿದ ಪಟ್ಟೆಗಳು, ಗೇಟಿನ ಸರಳುಗಳು ಹೇಗಿರುತ್ತವೋ ಹಾಗೇ, ಒಂದರ ಪಕ್ಕ ಒಂದು. ಆಮೇಲೆ ಬಾಯಿ ಬಿಟ್ಟರು. ವಿರಾಮದ ಸೀಟಿ ಊದಿದಾಗ ಅಭ್ಯಾಸಬಲದಿಂದ ಎದ್ದರಂತೆ, ಇವರನ್ನು ಕಂಡು ಅಕ್ಕಪಕ್ಕದ ಹಳಬರೆಲ್ಲ ಎದ್ದರಂತೆ. ಆಸನಗಳ ಕೆಳಗಿನ ಆ ಇಕ್ಕಟ್ಟಾದ ಹಾದಿಯಲ್ಲಿ ಹಾಡಿಕೊಂಡು ಬಂದರೆ ಎದುರಿಗೆ ಬೀಗ ಹಾಕಿದ ಗೇಟು. ತಿರುವಿನ ಆಚೆಗಿದ್ದವರಿಗೆ ಗೇಟು ಕಾಣುವುದಿಲ್ಲ, ಅವರು ಹಾಡುತ್ತಲೇ ಬಂದರು. ಮುಂದಿದ್ದವರು ಹಿಂದಿರುಗುವವರಲ್ಲ. ನಿಮ್ಮಪ್ಪ ಸರಳಿಗೆ ಒತ್ತಿಕೊಂಡು ನಿಂತರು, ಕೂಗೋಣ ಅಂದರೆ ಉಸಿರು ಸಿಗಲಿಲ್ಲ. ಎರಡನೇ ಅರ್ಧ ಶುರುವಾಗಿ ಹಿಂದಿನವರು ಆಟ ನೋಡಲು ಚದುರಿದ್ದರಿಂದ ಬದುಕಿಕೊಂಡರು. ಆವತ್ತು ಎದ್ದವರು ಒಂದು ಮೂಲೆಯ ಜನ ಮಾತ್ರ, ಇದನ್ನು ಮರೆಯಬೇಡ.

ಗೇಟಿನ ಆ ಕಡೆ ನೀನಿದ್ದೆ. "ಯಜಮಾನ್ರೇ, ಹಿಂದಕ್ಕೆ ಹೋಗಿ" ಅಂದೆಯಂತೆ, ಅವರ ಮುಖ ನೋಡಿಕೊಂಡೇ. ಸರಳು ಒತ್ತಿದ ಜಾಗಕ್ಕೆ ಎಣ್ಣೆ ಹಚ್ಚಿದೆ, ಆ ಮಾತಿಗೆ ಏನು ಹಚ್ಚಲಿ? ಆವತ್ತಿನಿಂದ ಅವರು ನಿನ್ನ ಹೆಸರೆತ್ತಿಲ್ಲ, ನೀನು ಮನೆಗೆ ಬಂದಿಲ್ಲ. ಇಬ್ಬರದೂ ಒಂದೇ ಮೂಗು, ಅದರ ತುದಿಯಲ್ಲಿ ಅಷ್ಟು ಬಿಗುಮಾನ.

ಆದರೆ ಕ್ಯಾಂಟೀನಿನವಳು ಅದೇ ಹೊತ್ತಿಗೆ ಗೇಟಿನ ನಿಮ್ಮ ಕಡೆ ಚಹಾದ ತಟ್ಟೆ ಹಿಡಿದು ನಿಂತಿದ್ದಳಂತೆ. ನಿನ್ನ ಮೇಲಧಿಕಾರಿಗಳು ಬೇಡ ಅನ್ನುತ್ತಿದ್ದರೂ ನೀನು ಬೀಗ ತೆಗೆದೆಯಂತೆ. ಆ ಗೇಟು ಜನ ನಿಂತ ಕಡೆಗೆ ತೆರೆಯುವಂಥದ್ದು, ಅಷ್ಟು ಮೈಗಳು ಒತ್ತಿ ನಿಂತ ಮೇಲೆ ಕೂದಲೆಳೆಯಷ್ಟೂ ಅಲುಗಲಿಲ್ಲ. ನೀನು ಬೆನ್ನು ಕೊಟ್ಟು ತಳ್ಳಿದೆಯಂತೆ. ಬೆನ್ನುನೋವು ಎಲ್ಲಿಂದ ಬಂತು ಅಂತ ಎಷ್ಟು ಸಲ ಕೇಳಿದರೂ "ಹಾಸಿಗೆ ಸರಿಯಿಲ್ಲಮ್ಮಾ" ಅಂದೆಯಲ್ಲೋ. ಹಿಂದಕ್ಕೆ ಹೋಗಿ ಅಂದದ್ದು ಗೇಟು ತೆರೆಯುವುದಕ್ಕೆ ಅಂತ ನನಗೆ ಅರ್ಥವಾಯಿತು. ನೀನು ಆ ಕಡೆಯಿಂದ ತಳ್ಳುತ್ತಿದ್ದದ್ದು ನಿಮ್ಮಪ್ಪನ ಎದೆಯನ್ನೇ ಅನ್ನುವುದೂ ಅರ್ಥವಾಯಿತು, ಆಮೇಲೆ ತುಂಬ ಹೊತ್ತು ಹೊಲಿಗೆಯ ಮೇಲೆ ಕಣ್ಣು ನಿಲ್ಲಲಿಲ್ಲ. ಇದನ್ನೆಲ್ಲ ಅವರಿಗೆ ಹೇಳಿದೆ. ಕೇಳಿದರು, ಆಗಲೇ ನುಣುಪಾಗಿದ್ದ ಹಲಗೆಗೆ ಮತ್ತೆ ಉಜ್ಜುಗೊರಡು ಹಾಕುತ್ತಾ ನಿಂತರು.

ಈಗ ಶನಿವಾರದ ಪಂದ್ಯದ ವಿಷಯ. ಭಾನುವಾರ ನಿಮ್ಮಪ್ಪನ ಮರದ ಅಂಗಡಿಯಲ್ಲಿ ಎಲ್ಲರೂ ಸೇರಿದ್ದರು. ಈ ಸಲ ಅಭ್ಯಾಸಬಲದಿಂದಲ್ಲ, ಹಟ ಹಿಡಿದು ಏಳುತ್ತಾರೆ. ವಿರಾಮದ ಸೀಟಿ ಊದಿದ ಕೂಡಲೇ ಎಲ್ಲ ಮೂಲೆಗಳಿಂದಲೂ ಎದ್ದು ಅದೇ ಹಾದಿಗೆ ಬಂದು ಸೇರಿ ಆ ತುದಿಗೆ ನಡೆಯುವುದು ಅಂತ ತೀರ್ಮಾನ. ಗಂಟಲಣ್ಣ ಆವತ್ತಿನಿಂದ ಕ್ಷೌರಕ್ಕೆ ಕೂತವರಿಗೆಲ್ಲ ಇದನ್ನೇ ಹೇಳುತ್ತಿದ್ದಾನೆ. ಕತ್ತಿ ಕುತ್ತಿಗೆಯ ಮೇಲಿರುವಾಗ ಯಾರು ತಾನೆ ಬರುವುದಿಲ್ಲ ಅಂತಾರೆ? ನಾನು ಚಹಾ ಕೊಡಲು ಹೋದವಳು ಅಲ್ಲೇ ನಿಂತು, ಗೇಟು ನಮ್ಮ ಕಡೆಗೆ ತೆರೆಯುವಂಥದ್ದು, ಒತ್ತಿ ನಿಂತ ಮೇಲೆ ಕೀಲಿಕೈ ಇದ್ದವನಿಗೂ ತೆರೆಯಲಾಗದು ಅಂತ ಬಿಡಿಸಿ ಹೇಳಿದೆ. "ಅಷ್ಟು ಜನ ಬರೋದು ನೋಡಿದ್ರೆ ಅವರೇ ತೆಗೀತಾರೆ ಬಿಡಕ್ಕಾ" ಅಂದ ಗಂಟಲಣ್ಣ. ಆಮೇಲೆ ಇನ್ನೊಂದು ಮಾತು ಸೇರಿಸಿದ. "ಮುಂದೆ ಬಡಗಿಯಣ್ಣ ಇರ್ಲಿ. ಮಗ ಅಪ್ಪನ ಮೇಲೆ ಗೇಟು ಹಾಕ್ತಾನಾ?" ಎಲ್ಲರೂ ನಕ್ಕರು. ನಿಮ್ಮಪ್ಪ ನಗಲಿಲ್ಲ, ಮುಂದೆ ನಾನೇ ಇರ್ತೀನಿ ಅಂದರು.

ನಾನು ಸುಮ್ಮನೆ ಕೂತಿಲ್ಲ. ಕ್ಲಬ್ಬಿನ ಕಚೇರಿಗೆ ಹೋಗಿ ಹೇಳಿದೆ, ಬರೆದು ಕೊಡಿ ಅಂದರು, ಬರೆದು ಕೊಟ್ಟೆ. ನಿಮ್ಮ ಸಲಹೆಗೆ ಧನ್ಯವಾದ ಅಂತ ಸ್ಟೇಡಿಯಂನ ಬಣ್ಣದ ಚಿತ್ರವಿರುವ ಒಂದು ಕಾರ್ಡು ಬಂತು. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಅವರಿಗೆ ಹಾಗಿದ್ದರೇ ಚೆಂದವೇನೋ. ನಿಮ್ಮಪ್ಪನಿಗೆ ಹೋಗಬೇಡಿ ಅಂತ ಗೋಗರೆದೆ. ಜಗಳವಾಡಿದೆ, ಮಾತು ಬಿಟ್ಟೆ, ಮತ್ತೆ ನಾನೇ ಮಾತಾಡಿಸಿದೆ. ಕೊನೆಗೆ ನಿನ್ನೆ ಊಟಕ್ಕೆ ಕೂತಾಗ ಅವರು ತಟ್ಟೆ ನೋಡಿಕೊಂಡು ಒಂದೇ ಮಾತು ಹೇಳಿದರು: "ಅವನು ಅಪ್ಪಾ ಅಂದಿದ್ರೆ ಆವತ್ತೇ ತಿರುಗಿಬಿಡ್ತಿದ್ದೆ ಕಣೇ. ಗೋಲು ಬಿದ್ರೆ ಬೀಳ್ಲಿ ಅಂತ." ಇದನ್ನು ನಿನಗೆ ಹೇಳಿದ್ದೇನೆಂದು ಅವರಿಗೆ ಗೊತ್ತಾಗಬಾರದು.

ನನಗೆ ತುಂಬಾ ಹೆದರಿಕೆಯಾಗಿದೆ ಪುಟ್ಟಾ. ಬಟ್ಟೆ ಕತ್ತರಿಸುವಾಗ ಗೆರೆ ತಪ್ಪುತ್ತಿದೆ. ನೀನು ಮಾಡಬೇಕಾದ್ದು ಒಂದೇ. ಶನಿವಾರ ವಿರಾಮದ ಸೀಟಿಗೆ ಮೊದಲೇ, ಆ ಹಾದಿ ಖಾಲಿ ಇರುವಾಗಲೇ, ಗೇಟನ್ನು ಪೂರಾ ತೆರೆದು ಗೋಡೆಗೆ ಕಟ್ಟಿಬಿಡು. ಮೇಲಿನವರನ್ನು ಒಪ್ಪಿಸಲು ಇನ್ನೂ ಎರಡು ದಿನವಿದೆ. ಒಪ್ಪದಿದ್ದರೆ ನಿನ್ನ ಕೆಲಸಕ್ಕೆ ಸಂಚಕಾರ ಬರಬಹುದು, ಅದು ನನಗೆ ಗೊತ್ತಿಲ್ಲದೆ ಇಲ್ಲ. ಈ ಕೆಲಸಕ್ಕೆ ನೀನು ಎಷ್ಟು ಅಲೆದೆ ಅಂತಲೂ ಗೊತ್ತು, ಸವೆದ ನಿನ್ನ ಅಂಗಿಯ ಕಾಲರು ತಿರುಗಿಸಿ ಹೊಲಿದವಳು ನಾನೇ. ಆದರೂ ಕೇಳುತ್ತಿದ್ದೇನೆ. ಜನ ಬಂದು ಸೇರಿದ ಮೇಲೆ ನೀನು ಎಷ್ಟು ಒಳ್ಳೆಯವನಾಗಿದ್ದರೂ ಪ್ರಯೋಜನವಿಲ್ಲ.

ಹೊತ್ತು ಹೊತ್ತಿಗೆ ತಿನ್ನು, ಬೆನ್ನಿಗೆ ತಣ್ಣೀರು ತಾಗಿಸಬೇಡ. ನಿನ್ನ ಕೈಕೆಳಗಿನ ಹುಡುಗರಿಗೂ ನನ್ನ ಹಾರೈಕೆ ತಿಳಿಸು, ಅವರಿಗೂ ಮನೆಯಲ್ಲಿ ತಾಯಂದಿರಿದ್ದಾರೆ. ನಿನಗೆ ನನ್ನ ಆಶೀರ್ವಾದ ಯಾವತ್ತೂ ಇದೆ, ಸಿಟ್ಟು ಬಂದ ದಿನವೂ ಇದೆ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಇನ್ನೊಂದು ಮಾತು, ಅವಸರದಲ್ಲಿ. ಕ್ಯಾಂಟೀನಿನವಳು ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಬೆಳಗ್ಗೆ ಹೋಗಿ ಶನಿವಾರಕ್ಕೆ ನಾನೂ ಟಿಕೆಟು ತೆಗೆದುಕೊಂಡು ಬಂದೆ. ನಿಮ್ಮಪ್ಪನಿಗೆ ಈಗ ತಾನೇ ಹೇಳಿದೆ, ಬೇಡ ಅಂತ ಕೈ ಹಿಡಿದುಕೊಂಡರು, ನೀವು ತಿರುಗದಿದ್ದರೆ ನಾನೂ ತಿರುಗುವವಳಲ್ಲ ಅಂದುಬಿಟ್ಟೆ. ಅವರ ಎದೆಗೂ ನಿನ್ನ ಗೇಟಿಗೂ ನಡುವೆ ನಾನಿರುತ್ತೇನೆ. ಗೇಟು ತೆರೆದಿದ್ದರೆ ನೇರ ಬಂದು ನಿನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತೇನೆ, ಸೀಸೆಯನ್ನು ಚೀಲದಲ್ಲಿ ಇಟ್ಟಾಯಿತು. ತೆರೆದಿರದಿದ್ದರೆ, ಸರಳಿನ ಆ ಕಡೆಯಿಂದ ನನ್ನನ್ನು ಏನಂತ ಕರೆಯುತ್ತೀಯೋ ಈಗಲೇ ಯೋಚಿಸಿಟ್ಟುಕೋ.