ಸಾಲಾಗಿ ಹುಟ್ಟಿದ ಹನ್ನೊಂದು ಗಿಡಗಳು

ದಿನಾಂಕ: ಇಸವಿ ಎರಡು ಸಾವಿರದ ನೂರಾ ಎಂಬತ್ತೊಂದು, ಎರಡನೆಯ ಮಳೆಗಾಲದ ಅರವತ್ತಮೂರನೆಯ ದಿನ, ಬೆಳಿಗ್ಗೆ.
ಸ್ಥಳ: ಲೆಂಬಾ ಮೆರಾ ಗಣಿ ಜಿಲ್ಲೆ, ಸುಲಾವೆಸಿ ದ್ವೀಪ.

ಸಂಡೂರು ಸೀಮೆಯಲ್ಲಿ ಈಗ ಬದುಕಿರುವ ನನ್ನ ಹಿರಿಯರಿಗೆ, ನಿಮ್ಮ ಏಳನೆಯ ತಲೆಮಾರಿನ ವುಲಾನ್ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಈ ಪತ್ರದ ಉದ್ದೇಶ ಒಂದೇ. ಗಾಳೆಮ್ಮ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ತನ್ನ ಹೊಲದಲ್ಲಿ ಹನ್ನೊಂದು ಗಾಂಜಾ ಗಿಡಗಳನ್ನು ಬೇಕೆಂದೇ ಬಿತ್ತಿದಳು ಎಂಬ ದೃಢೀಕರಣಕ್ಕೆ ಇಂದು ಸೂರ್ಯ ಮುಳುಗುವುದರೊಳಗೆ ನನ್ನ ಸಹಿ ಬೀಳಬೇಕಾಗಿದೆ. ಅದಕ್ಕೆ ಮೊದಲು ನಿಮಗೆ ವಿಷಯ ತಿಳಿಸುವುದು ನನ್ನ ಕರ್ತವ್ಯವಾಗಿದೆ. ಸಹಿ ಬಿದ್ದರೆ ಗಾಳೆಮ್ಮ ಏಳು ವರ್ಷ ಈ ಜಿಲ್ಲೆಯ ಹೊರಗೆ, ಕಾವಲಿರುವ ದ್ವೀಪವೊಂದರಲ್ಲಿ ಕಳೆಯಬೇಕು. ಆ ದ್ವೀಪಕ್ಕೆ ಹೋದ ವಯಸ್ಸಾದವರು ಯಾರೂ ಇದುವರೆಗೆ ಹಿಂದಿರುಗಿಲ್ಲ.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಸಂಡೂರಿನ ಗಣಿಗಳಿಂದ ಇನ್ನೂರು ಕುಟುಂಬಗಳು ಇಲ್ಲಿಯ ನಿಕ್ಕಲ್ ಗಣಿಗಳಿಗೆ ಬಂದವು. ಇಲ್ಲಿಯ ಮಣ್ಣೂ ಅಲ್ಲಿಯಷ್ಟೇ ಕೆಂಪಗಿದ್ದುದರಿಂದ ಬಂದವರಿಗೆ ಮೊದಲ ವರ್ಷ ಪರದೇಶ ಎನಿಸಲೇ ಇಲ್ಲವಂತೆ. ನಮ್ಮ ಮನೆಗಳಲ್ಲಿ ಕನ್ನಡ ಉಳಿಯಿತು, ಆದರೆ ಅದು ಬಾಯಿಯ ಕನ್ನಡ. ಈ ಪತ್ರದ ಕನ್ನಡವನ್ನು ನಾನು ಶಾಲೆಯ ಗ್ರಂಥಾಲಯದಲ್ಲಿ ಒಬ್ಬಳೇ ಕುಳಿತು ಕಲಿತೆ. ನಮ್ಮ ಜಿಲ್ಲೆಯಲ್ಲಿ ಇದನ್ನು ತಪ್ಪಿಲ್ಲದೆ ಬರೆಯಬಲ್ಲವರು ಮೂವರು. ಅವರಲ್ಲಿ ನಾನು ಮೊದಲಿನವಳು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನೀವು ಓದುತ್ತಿರುವುದು ಒಂದು ಹಿಂಪತ್ರ. ಹಿಂತೆಗೆಯಲಾಗದ ಯಾವ ಕಾಗದಕ್ಕೇ ಆಗಲಿ ಸಹಿ ಹಾಕುವ ಅಧಿಕಾರಿಯು, ಈ ಕಣಿವೆಯಲ್ಲಿ ಗಣಿ ತೆರೆದ ಕಾಲಕ್ಕೆ ಬದುಕಿದ್ದ ತನ್ನ ಹಿರಿಯರಿಗೆ ತನ್ನ ಮನೆಮಾತಿನಲ್ಲಿ ಒಂದು ಪತ್ರ ಬರೆದು ಕಡತದಲ್ಲಿಡಬೇಕು ಎಂಬುದು ನಮ್ಮ ನಿಯಮ. ಆ ಪತ್ರ ನಿಮ್ಮನ್ನು ತಲುಪುತ್ತದೆಯೇ ಎಂದು ಯಾರೂ ಪರೀಕ್ಷಿಸಿಲ್ಲ. ಹೆಚ್ಚಿನ ಅಧಿಕಾರಿಗಳು ಎರಡು ಸಾಲು ಗೀಚಿ ಮುಗಿಸುತ್ತಾರೆ. ನಾನೂ ಹಾಗೆಯೇ ಮುಗಿಸುವೆನೆಂದು ಕುಳಿತೆ, ಆಗಲಿಲ್ಲ.

ನಮ್ಮ ಬದುಕನ್ನು ಸ್ವಲ್ಪ ಹೇಳದಿದ್ದರೆ ಈ ಮೊಕದ್ದಮೆ ನಿಮಗೆ ಅರ್ಥವಾಗದು. ಗಣಿ ಮುಗಿದು ಅರವತ್ತು ವರ್ಷಗಳಾದವು. ಬೆಟ್ಟಗಳನ್ನು ಮೆಟ್ಟಿಲಿನಂತೆ ಕಡಿದು ಬಿಟ್ಟುಹೋದ ಜಾಗದಲ್ಲಿ, ಒಂದೊಂದು ಮೆಟ್ಟಿಲನ್ನೂ ಒಂದೊಂದು ಹೊಲ ಮಾಡಿಕೊಂಡು ನಾವಿದ್ದೇವೆ. ಊರಿನ ಪ್ರತಿ ಬಾಗಿಲಿನಲ್ಲೂ ಕಾಲುಗಟ್ಟೆ ಎಂಬ ಕಲ್ಲಿನ ತೊಟ್ಟಿಯಿದೆ. ಹೊಲದಿಂದ ಬಂದವರು ಅದರಲ್ಲಿ ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಆ ಕೆಂಪು ನೀರನ್ನು ಹೊರಗೆ ಚೆಲ್ಲುವಂತೆಯೂ ಇಲ್ಲ, ಏಕೆಂದರೆ ಅದರಲ್ಲಿ ಲೋಹವಿದೆ. ಮರಗೆಣಸಿನ ಹಿಟ್ಟನ್ನು ತಟ್ಟಿ ರೊಟ್ಟಿ ಮಾಡುತ್ತೇವೆ ಮತ್ತು ಅದನ್ನು ಜೋಳದ ರೊಟ್ಟಿ ಎಂದೇ ಕರೆಯುತ್ತೇವೆ. ಜೋಳವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಹೊಲದ ಕೆಲಸವೆಂದರೆ ನಮ್ಮಲ್ಲಿ ಮುಖ್ಯವಾಗಿ ಕಳೆ ತೆಗೆಯುವುದು. ಬಿತ್ತುವುದು ನಾಲ್ಕು ದಿನ, ಕೊಯ್ಯುವುದು ಆರು ದಿನ, ಉಳಿದ ದಿನಗಳೆಲ್ಲ ಕಳೆಯದ್ದೇ.

ಕಳೆಗಳಲ್ಲಿ ಗಾಂಜಾ ಕೊನೆಗೆ ಬಂದದ್ದು. ನಿಮ್ಮ ಕಾಲದಲ್ಲಿ ಈ ದೇಶದ ಕಾನೂನು ಅದನ್ನು ಅತ್ಯಂತ ಕಠಿಣವಾದ ಪಟ್ಟಿಯಲ್ಲಿಟ್ಟಿದೆ, ಒಂದೆರಡು ಗಿಡ ಬೆಳೆದವನಿಗೂ ಜೈಲು. ಆಮೇಲೆ, ಗಣಿ ಬಿಟ್ಟುಹೋದವರೇ ಅದನ್ನು ಮಣ್ಣಿನ ರಾಶಿಗಳ ಮೇಲೆ ಎರಚಿದರು, ಅದರ ಬೇರು ಸಡಿಲ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ, ಒಳಗಿನ ಲೋಹವನ್ನು ಹೀರುತ್ತದೆ ಎಂದು. ಅದು ನಿಜವೇ ಆಯಿತು. ಹೀರಿದ ಲೋಹ ಎಲೆಗೆ ಬಂದಿತು. ಇಂಥ ಎಲೆಗೆ ನಾವು ಲೋಹಸೊಪ್ಪು ಎನ್ನುತ್ತೇವೆ. ಅದನ್ನು ಸೇದಿದವರ ಎದೆ ಐದಾರು ವರ್ಷಗಳಲ್ಲಿ ಕಟ್ಟಿಹೋಗುತ್ತದೆ. ನನ್ನ ಸೋದರಮಾವ ಹಾಗೆ ಸತ್ತ. ಆದ್ದರಿಂದ ನಮ್ಮ ಕಾನೂನನ್ನು ನಾನು ಹಗುರವಾಗಿ ನೋಡುವವಳಲ್ಲ. ಕಾನೂನು ಹೀಗಿದೆ: ಗಿಡ ತಾನಾಗಿ ಹುಟ್ಟಿದ್ದಾದರೆ ಅದು ಕಳೆ, ಕಿತ್ತುಹಾಕಿದರೆ ಸಾಕು. ಯಾರಾದರೂ ಬಿತ್ತಿದ್ದಾದರೆ ಅದು ಅಪರಾಧ, ಏಳು ವರ್ಷ. ಎರಡರಲ್ಲಿ ಯಾವುದು ಎಂದು ಹೊಲಕ್ಕೆ ಹೋಗಿ ನೋಡಿ ಬರೆದುಕೊಡುವ ಅಧಿಕಾರಿಯನ್ನು ಕಳೆಸಾಕ್ಷಿ ಎನ್ನುತ್ತಾರೆ. ನಾನು ಕಳೆಸಾಕ್ಷಿ.

ಕಳೆಸಾಕ್ಷಿಯ ಓದಿನಲ್ಲಿ, ನಮ್ಮ ತರಗತಿಯ ನಲವತ್ತು ಜನರಲ್ಲಿ ನಾನು ಮೊದಲನೆಯ ಸ್ಥಾನದಲ್ಲಿ ತೇರ್ಗಡೆಯಾದೆ. ಅದಕ್ಕೆ ಕಾರಣವಾದದ್ದು ನನ್ನ ಪ್ರಬಂಧ. ಅದುವರೆಗೆ ಕಳೆಸಾಕ್ಷಿಗಳು ಬೇರು ನೋಡಿ, ಮಣ್ಣು ಮೂಸಿ, ಊಹೆಯ ಮೇಲೆ ಬರೆಯುತ್ತಿದ್ದರು. ನಾನು ಮುನ್ನೂರ ನಲವತ್ತು ಹೊಲಗಳನ್ನು ಅಳೆದೆ. ಏಳಕ್ಕಿಂತ ಹೆಚ್ಚು ಗಿಡಗಳು ಎಳೆದು ಕಟ್ಟಿದ ದಾರದಿಂದ ಒಂದು ಗೇಣಿನೊಳಗೆ ನಿಂತಿದ್ದರೆ ಅಲ್ಲಿ ಮನುಷ್ಯನ ಕೈಯಿದೆ ಎಂದು ತೋರಿಸಿಕೊಟ್ಟೆ. ಗಾಳಿಗೂ ಹಕ್ಕಿಗೂ ದಾರ ಕಟ್ಟಲು ಬರುವುದಿಲ್ಲ ಎಂಬುದು ಪ್ರಬಂಧದ ಕೊನೆಯ ವಾಕ್ಯ. ಸಭೆಯಲ್ಲಿ ಅದಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೋದ ವರ್ಷ ಅದು ಸಾಲಿನ ಸೂತ್ರ ಎಂಬ ಹೆಸರಿನಲ್ಲಿ ಕಾನೂನಿಗೆ ಸೇರಿತು. ಆ ಸೂತ್ರದ ಮೇಲೆ ನಡೆಯುತ್ತಿರುವ ಮೊದಲ ಮೊಕದ್ದಮೆ ಗಾಳೆಮ್ಮನದು.

ಮೂರು ದಿನಗಳ ಹಿಂದೆ ನಾನು ಆಕೆಯ ಹೊಲಕ್ಕೆ ಹೋದೆ. ಆಕೆ ಬದುವಿನ ಮೇಲೆ ಮೊಣಕಾಲು ಚಾಚಿ ಕುಳಿತಿದ್ದಳು. ಪಕ್ಕದ ಹೊಲದ ದುರುಗಮ್ಮ ಕಳೆ ತೆಗೆಯುವ ಕುರ್ಪಿಯನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನ ನಡಿಗೆಯನ್ನು ನೋಡುತ್ತಿದ್ದಳು.

"ಬೂಟಿಗೆ ಮಣ್ಣು ಹತ್ತೀತು ಬೇ, ಯಾರರ ಎತ್ತಿಕೊಂಡು ಬರ್ರಿ ಆಕಿನ್ನ!" ಎಂದಳು.

ನಾನು ದಾರ ಕಟ್ಟಿದೆ. ಹನ್ನೊಂದು ಗಿಡಗಳೂ ಗೇಣಿನೊಳಗಿದ್ದವು. ಗೇಣೇನು, ನಾಲ್ಕು ಬೆರಳಿನೊಳಗೆ. ನಿಜ ಹೇಳಬೇಕೆಂದರೆ ನನಗೆ ಸಂತೋಷವಾಯಿತು. ನನ್ನ ಸೂತ್ರಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುತ್ತಿರಲಿಲ್ಲ.

"ಅಜ್ಜಿ, ಇವನ್ನು ನೀವು ಬಿತ್ತಿದಿರಾ?" ಎಂದು ನಿಯಮದಂತೆ ಕೇಳಿದೆ.

"ಇಲ್ಲ ಅಂದ್ರ ನಂಬ್ತಿಯೇನ? ನಂಬಾಕಿ ಆಗಿದ್ರ ದಾರ ತಗೊಂಡು ಬರ್ತಿದ್ದಿಲ್ಲ."

"ಗಿಡಗಳು ಸಾಲಾಗಿ ಹುಟ್ಟಿವೆ. ತಾನಾಗಿ ಬಂದ ಗಿಡ ಸಾಲಾಗಿ ಹುಟ್ಟುವುದಿಲ್ಲ."

"ಹುಟ್ಟದ ಏನ್ ಮಾಡ್ತಾವ? ಹ್ವಾದ ವರ್ಷ ಅಲ್ಲೇ ಗೆರಿ ಹಾಕಿದ್ವಿ."

"ಯಾವ ಗೆರೆ?"

ದುರುಗಮ್ಮ ನಗಲಾರಂಭಿಸಿದಳು. "ಅಯ್ಯ ಶಿವನ! ಕಳೀನ ಓದಿಕೊಂಡು ಬಂದಾಳ, ಕಳೆಗೆರಿ ಗೊತ್ತಿಲ್ಲ!"

"ನಗಬ್ಯಾಡ, ಸುಮ್ನಿರು ನೀನು," ಎಂದು ಗಾಳೆಮ್ಮ ಅವಳನ್ನು ಗದರಿಸಿ ನನ್ನ ಕಡೆ ತಿರುಗಿದಳು. "ನೀನು ಹೊನ್ನೂರವ್ವನ ಮೊಮ್ಮಗಳಲ್ಲೇನವ್ವ? ನಿಮ್ಮಜ್ಜಿ ಗೆರಿ ಹಾಕಿದ್ರ ಮಂದಿ ನಿಂತು ನೋಡ್ತಿದ್ರು. ಹಂಗಿತ್ತು ಆಕಿ ಕೈ. ಮನ್ಯಾಗ ಯಾರೂ ಹೇಳಿಲ್ಲೇನ ನಿನಗ?"

ಹೇಳಿರಲಿಲ್ಲ, ಅಥವಾ ನಾನು ಕೇಳಿಸಿಕೊಂಡಿರಲಿಲ್ಲ. ಆರನೆಯ ವಯಸ್ಸಿನಿಂದ ನಾನು ಶಾಲೆಯ ವಸತಿಯಲ್ಲಿ ಬೆಳೆದವಳು. ಒಂದು ದಿನವೂ ಕಳೆ ತೆಗೆದವಳಲ್ಲ. ಆಮೇಲೆ ಅವರಿಬ್ಬರೂ ತೋರಿಸಿದ್ದು ಇಷ್ಟು. ನಮ್ಮ ಹೆಂಗಸರು ಸಾಲಾಗಿ ಕುಳಿತು ಕಳೆ ತೆಗೆಯುತ್ತ ಮುಂದೆ ಸಾಗುತ್ತಾರೆ. ದಿನದ ಕೆಲಸ ನಿಂತಲ್ಲಿ, ಅಂದು ಕಿತ್ತ ಕಳೆಯನ್ನೆಲ್ಲ ಬೇರು ಮೇಲಾಗಿ, ತುದಿಗೆ ತುದಿ ಕೂಡಿಸಿ, ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಒಂದು ನೇರ ಗೆರೆಯಾಗಿ ಇಡುತ್ತಾರೆ. ಎಲ್ಲಿಯವರೆಗೆ ಕೆಲಸವಾಗಿದೆ ಎಂಬ ಗುರುತು ಅದು. ಮರುದಿನ ಯಾರೂ ಜಗಳವಾಡದಂತೆ. ಗೆರೆ ಸೊಟ್ಟಗಾದರೆ ಮರುದಿನವೆಲ್ಲ ಆ ಹೆಂಗಸಿಗೆ ಗೇಲಿ. ಸಂಡೂರಿನಿಂದ ತಂದ ರೂಢಿ ಎನ್ನುತ್ತಾರೆ. ಅದು ನಿಮ್ಮದೇ ಆಗಿದ್ದರೆ ನಿಮಗೆ ಇಷ್ಟು ವಿವರಿಸುವ ಅಗತ್ಯವಿಲ್ಲ. ಆ ಕಳೆಯಲ್ಲಿ ಕಾಳು ಬಲಿತ ಗಿಡವಿದ್ದರೆ ಕಾಳು ಅಲ್ಲಿಯೇ ಉದುರುತ್ತದೆ, ಮಳೆ ಬಿದ್ದ ಮೇಲೆ ಅಲ್ಲಿಯೇ ಮೊಳೆಯುತ್ತದೆ. ಸಾಲಾಗಿ.

ನಾನು ಅಳೆದ ಮುನ್ನೂರ ನಲವತ್ತು ಹೊಲಗಳೂ ಪಶ್ಚಿಮದ ದಿಬ್ಬದವು. ಅಲ್ಲಿಯವರು ಈ ದ್ವೀಪದ ಮೂಲದ ಜನ. ಕಿತ್ತ ಕಳೆಯನ್ನು ಗುಡ್ಡೆ ಹಾಕಿ ಕೊಳೆಸುತ್ತಾರೆ. ನಮ್ಮವರ ಹೊಲಗಳಲ್ಲಿ ಒಂದನ್ನೂ ನಾನು ಅಳೆಯಲಿಲ್ಲ. ನಮ್ಮವರ ವಿಷಯ ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ. ಪ್ರಬಂಧವನ್ನು ಪರೀಕ್ಷಿಸಿದ ಐವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ನನ್ನ ಹೆಸರು ನೋಡಿ, ಕೇಳುವ ಅಗತ್ಯವಿಲ್ಲವೆಂದು ಅವರೂ ಎಣಿಸಿರಬೇಕು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಸುಲಭವಾಗಿತ್ತು. ಕಳೆಯಾಗಿದ್ದರೆ ಕಿತ್ತುಹಾಕಬೇಕಿತ್ತಲ್ಲ ಎಂದು ಗಾಳೆಮ್ಮನನ್ನು ಕೇಳಿದೆ. "ಈ ಸಲ ಮೊಣಕಾಲು ಏಳಗೊಡಲಿಲ್ಲವ್ವ, ಕುಂತಲ್ಲೇ ಕುಂತೆ," ಎಂದಳು. ಆಕೆಯ ಬಾಗಿಲಲ್ಲಿ ಕಾಲು ತೊಳೆಯುವಾಗ ಗೂಡಿನಲ್ಲಿ ಎಣ್ಣೆಯ ಕುಡಿಕೆಯೊಂದನ್ನು ಕಂಡೆ. ಮೂಸಿದೆ. ಗಾಂಜಾ ಎಲೆ ಕುದಿಸಿದ ಎಣ್ಣೆ.

"ಹೌದು, ಹಚ್ಚಿಕೊಂಡೀನಿ," ಎಂದಳು ಆಕೆ, ನಾನು ಕೇಳುವ ಮೊದಲೇ. "ನೋವಿಗೆ ಹಚ್ಚಿಕೊಂಡೀನಿ. ಬಿತ್ತಿಲ್ಲ. ಬರಕೋ ಎರಡನ್ನೂ."

ಎರಡನ್ನೂ ಬರೆದುಕೊಂಡೆ. ಮನೆಗೆ ಬಂದು ಎರಡು ದಿನ, ಕಿತ್ತು ತಂದ ಗಿಡಗಳ ಬೇರುಗಳನ್ನು ಪರೀಕ್ಷಿಸಿದೆ. ಕೈಯಿಂದ ಬಿದ್ದ ಕಾಳಿಗೂ ಕಳೆಗೆರೆಯಿಂದ ಉದುರಿದ ಕಾಳಿಗೂ ಬೇರು ಒಂದೇ ರೀತಿ ಇಳಿಯುತ್ತದೆ. ಆಕೆ ಬಿತ್ತಿರಬಹುದು. ಬಿತ್ತದೆಯೂ ಇರಬಹುದು. ಯಾವುದೆಂದು ತಿಳಿಯುವ ಯಾವ ವಿಧಾನವೂ ನನ್ನಲ್ಲಿಲ್ಲ. ನನಗೆ ತಿಳಿಯದು ಎಂಬ ವಾಕ್ಯವನ್ನು ನಾನು ಈ ಹಿಂದೆ ಎಲ್ಲಿಯೂ ಬರೆದ ನೆನಪಿಲ್ಲ.

ನಿನ್ನೆ ಮಧ್ಯಾಹ್ನ ಇದನ್ನು ನಮ್ಮ ಮುಖ್ಯಾಧಿಕಾರಿ ಪಾಕ್ ಸುಹಾರ್ದಿಯವರ ಮುಂದಿಟ್ಟೆ. ಪಾಕ್ ಎಂಬುದು ಇಲ್ಲಿ ತಂದೆಯ ಸಮಾನರಾದವರನ್ನು ಕರೆಯುವ ಗೌರವದ ಮಾತು, ಮತ್ತು ಅವರು ನನ್ನ ಮಟ್ಟಿಗೆ ಆ ಮಾತಿಗೆ ತಕ್ಕವರು. ನನ್ನ ಪ್ರಬಂಧವನ್ನು ಕೈಯಲ್ಲಿ ಹಿಡಿದು ಸಭೆಯಿಂದ ಸಭೆಗೆ ಹೋದವರು ಅವರೇ. ಪೂರ್ತಿ ಕೇಳಿಸಿಕೊಂಡರು. ನಮ್ಮ ಮಾತು ಇಲ್ಲಿಯ ಭಾಷೆಯಲ್ಲಿ ನಡೆಯಿತು, ಕನ್ನಡದಲ್ಲಿ ಬರೆಯುತ್ತೇನೆ.

"ನೀನು ಹೇಳುವ ಗೆರೆ ನಿಜವೇ ಇರಬಹುದು, ಮಗಳೇ," ಎಂದರು. "ಆದರೆ ಯೋಚಿಸು. ಇದನ್ನು ಒಪ್ಪಿದರೆ ನಾಳೆಯಿಂದ ಬಿತ್ತುವವರೆಲ್ಲ ದಾರ ಕಟ್ಟಿ ಬಿತ್ತಿ, ಅಜ್ಜಿಯ ಗೆರೆ ಎನ್ನುತ್ತಾರೆ. ಮತ್ತೆ ಎದೆಗಳು ಕಟ್ಟುತ್ತವೆ. ನಿನ್ನ ಮಾವನನ್ನು ಮರೆತೆಯಾ?"

"ಮರೆತಿಲ್ಲ, ಪಾಕ್."

"ಹಾಗಾದರೆ ಆಕೆ ಬಿತ್ತಿಲ್ಲ ಎಂದು ಬರೆದುಕೊಡಬಲ್ಲೆಯಾ?"

"ಇಲ್ಲ."

"ಬಿತ್ತಿದಳು ಎಂದು ಬರೆ. ಮೂರನೆಯ ನಮೂನೆ ಈ ಕಚೇರಿಯಲ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಈಗ ಅದು ನಿನ್ನ ಸೂತ್ರವಲ್ಲ, ಹುಡುಗಿ. ಕಾನೂನು," ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ ಎಂಬುದೇ ನನ್ನ ಕಷ್ಟ. ಮೊಕದ್ದಮೆಗೆ ನೇಮಕವಾದ ಕಳೆಸಾಕ್ಷಿಯ ಸಹಿಯಿಲ್ಲದೆ ದಿನ ಮುಗಿದರೆ ಮೊಕದ್ದಮೆ ಬಿದ್ದುಹೋಗುತ್ತದೆ; ಬೇರೊಬ್ಬರು ಅದನ್ನು ಎತ್ತಿಕೊಳ್ಳುವಂತಿಲ್ಲ. ಹಾಗೆ ಬಿಟ್ಟ ಸಾಕ್ಷಿಯ ಮುದ್ರೆಯನ್ನು ಹಿಂದಕ್ಕೆ ಪಡೆಯುತ್ತಾರೆ. ಶಾಲೆಯ ಗೋಡೆಯ ಮೇಲಿರುವ ಪ್ರಥಮ ಸ್ಥಾನದ ಕಲ್ಲಿನಿಂದ ಹೆಸರನ್ನು ಉಳಿಯಿಂದ ತೆಗೆಯುತ್ತಾರೆ. ಆ ಕಲ್ಲಿನಲ್ಲಿ ನಮ್ಮವರ ಹೆಸರು ಅದೊಂದೇ. ಅದನ್ನು ಕೆತ್ತಿದ ದಿನ ನನ್ನ ತಾಯಿ ಕೆಲಸ ಬಿಟ್ಟು ಬಂದು, ಓದಲು ಬಾರದಿದ್ದರೂ, ಅಕ್ಷರಗಳ ಮೇಲೆ ಬೆರಳಾಡಿಸಿದ್ದಳು.

ನಿಮ್ಮಲ್ಲಿ ನನ್ನ ಕೋರಿಕೆ ಒಂದಿದೆ. ನಿಮ್ಮಲ್ಲಿ ಯಾರಾದರೂ ಕಾನೂನು ಬರೆಯುವವರಿರಬಹುದು, ಅಥವಾ ಅಂಥವರ ಬಾಗಿಲಿನಲ್ಲಿ ಮಾತನಾಡಬಲ್ಲವರಿರಬಹುದು. ಯಾವ ಗಿಡ ಬೆಳೆ, ಯಾವುದು ಕಳೆ, ಯಾವುದು ಅಪರಾಧ ಎಂದು ಬರೆಯುವ ಮೊದಲು, ದಿನವೆಲ್ಲ ನೆಲಕ್ಕೆ ಬಾಗಿ ಅದನ್ನು ಕೀಳುವ ಒಬ್ಬ ಹೆಂಗಸನ್ನು ಕರೆದು ಕೂರಿಸಿ ಕೇಳಿ. ಅವಳು ನಿಮ್ಮ ಮನೆಯವಳೇ ಆಗಿದ್ದರೆ ಇನ್ನೂ ಹೆಚ್ಚು ಕೇಳಿ. ತಿಳಿಯದು ಎಂದು ಬರೆಯಲು ಕಾಗದದಲ್ಲಿ ಒಂದಿಷ್ಟು ಜಾಗ ಬಿಡಿ.

ಸೂರ್ಯ ಪಶ್ಚಿಮದ ದಿಬ್ಬಕ್ಕೆ ಹತ್ತಿರವಾಗಿದ್ದಾನೆ. ಬೆಳಿಗ್ಗೆ ಆರಂಭಿಸಿದ ಪತ್ರ ಇಷ್ಟು ಹೊತ್ತು ತೆಗೆದುಕೊಂಡಿತು. ಪಾಕ್ ಸುಹಾರ್ದಿ ಎರಡು ಬಾರಿ ಬಾಗಿಲವರೆಗೆ ಬಂದು ಹೋದರು. ಗಾಳೆಮ್ಮ ಹೊರಗೆ ಜಗುಲಿಯ ಮೇಲೆ, ಬಟ್ಟೆಯ ಗಂಟೊಂದನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದಾಳೆ. ದ್ವೀಪಕ್ಕೆ ಹೋಗುವುದಕ್ಕೆಂದು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಾಳೆ. ದೃಢೀಕರಣ ನನ್ನ ಎದುರಿಗಿದೆ. ಕೊನೆಯಲ್ಲಿ, ಸಹಿ ಹಾಕದಿದ್ದರೆ ಕಾರಣವನ್ನು ಇಲ್ಲಿ ಬರೆಯಿರಿ ಎಂದು ನಾಲ್ಕು ಸಾಲಿನಷ್ಟು ಜಾಗ ಬಿಟ್ಟಿದ್ದಾರೆ. ತಿಳಿಯದು ಎಂಬುದನ್ನು ಅಲ್ಲಿ ಕಾರಣವೆಂದು ಒಪ್ಪುವುದಿಲ್ಲ, ಆದ್ದರಿಂದ ಅದನ್ನು ಖಾಲಿ ಬಿಟ್ಟಿದ್ದೇನೆ.

ನಾನು ಸಹಿ ಹಾಕುವುದಿಲ್ಲ.

ವುಲಾನ್ ಹುಲಿಗೆಮ್ಮ