ವಿನಾಯಿತಿ ಕೊಡದ ಲಾಭಾಂಶಕ್ಕೆ ಬೀಗ ಏಕೆ?

ತೆರಿಗೆ ಉಳಿತಾಯದ ನಿಯಮ ಬರೆಯುವ ಮಾನ್ಯರೇ,

ನೀವು ನನ್ನ ಅಪ್ಪನಿಗೆ ಒಂದೇ ಒಂದು ಸಲ ಆರುನೂರ ಹದಿನೆಂಟು ರೂಪಾಯಿ ತೆರಿಗೆ ಬಿಟ್ಟುಕೊಟ್ಟಿರಿ. ಅದಕ್ಕೆ ಬದಲಾಗಿ ಅವರ ಹಣ ಮೂರು ವರ್ಷ ಫಂಡಿನಲ್ಲೇ ಇರಬೇಕು ಎಂದಿರಿ. ಅಪ್ಪ ಒಪ್ಪಿದರು. ಮೂರು ವರ್ಷ ಮುಗಿದ ಮೇಲೂ, ಆ ಹಣದಿಂದ ಬಂದ ಲಾಭಾಂಶವನ್ನು ಬಿಡದೆ ಹಿಡಿದುಕೊಂಡಿದ್ದೀರಿ. ಅದರ ಮೇಲೆ ನೀವು ಒಂದು ಪೈಸೆಯ ವಿನಾಯಿತಿಯನ್ನೂ ಕೊಟ್ಟಿಲ್ಲ.

ಅಪ್ಪ ಲೋಕನಾಥ, ನವಿ ಮುಂಬಯಿಯ ವಾಶಿ ಮಾರ್ಕೆಟ್ಟಿನ ಎದುರಿನ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಯಾಶಿಯರ್. ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ, ನಮ್ಮ ಕನ್ನಡ ಸಂಘದ ಸರ್ವೋತ್ತಮ ಮಾವ ಡೊಂಬಿವಲಿಯ ನಮ್ಮ ಮನೆಗೆ ತೆರಿಗೆ ಉಳಿಸುವ ಫಂಡಿನ ಫಾರಂ ತಂದರು. ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದ ನನ್ನ ಕೈಗೆ ಪೆನ್ನು ಬಂತು.

"ಲೋಕಣ್ಣ, ಲಾಭ ಬಂದ್ರೆ ಮನೆಗೆ ಚೆಕ್ ಕಳಿಸುದಾ, ಅಲ್ಲೇ ಪುನಃ ಹಾಕುದಾ?"

"ಗಲ್ಲಾದಲ್ಲಿ ಬಿದ್ದದ್ದು ಗಲ್ಲಾದಲ್ಲೇ ಇರಲಿ ಮಾರಾಯ. ಮನೆಗೆ ಬಂದ್ರೆ ಇವಳು ಮಿಕ್ಸರ್ ತರ್ತಾಳೆ."

"ಇಪ್ಪತ್ತು ವರ್ಷದಿಂದ ಇದನ್ನೇ ಹೇಳ್ತಾರೆ. ಮಿಕ್ಸರ್ ಮಾತ್ರ ಈ ಮನೆ ಬಾಗಿಲು ಕಂಡಿಲ್ಲ" ಎಂದರು ಅಮ್ಮ.

ಎಲ್ಲರೂ ನಕ್ಕರು. ನಾನು 'ಮರುಹೂಡಿಕೆ' ಎಂಬ ಚೌಕದಲ್ಲಿ ಗುರುತು ಹಾಕಿದೆ. ಅಪ್ಪನ ಹೋಟೆಲಿನಲ್ಲಿ ಒಂದು ಕ್ರಮವಿದೆ: ದಿನ ಮುಗಿಯುವ ಮೊದಲು ಹಣದ ಗಲ್ಲಾಕ್ಕೆ ಧಣಿಯೂ ಕೈ ಹಾಕುವಂತಿಲ್ಲ, ಮುಗಿದ ಮೇಲೆ ಅದರಲ್ಲಿ ಬಿದ್ದದ್ದೆಲ್ಲ ಒಟ್ಟಿಗೇ ಹೊರಗೆ ಬರುತ್ತದೆ. ಬೆಳಗಿನ ನೋಟು, ಸಂಜೆಯ ನೋಟು ಎಂಬ ಭೇದವಿಲ್ಲ. ಸರಕಾರದ ಲೆಕ್ಕವೂ ಹಾಗೇ ಇರುತ್ತದೆ ಎಂದು ಅಪ್ಪ ನಂಬಿದರು. ಇದು ಅವರ ತಪ್ಪು. ನಿಮ್ಮನ್ನು ಒಬ್ಬ ಪ್ರಾಮಾಣಿಕ ಧಣಿ ಎಂದು ಭಾವಿಸಿದ ತಪ್ಪು.

ನಿಮ್ಮ ಕ್ರಮವೇ ಬೇರೆ. ಮರುಹೂಡಿದ ಲಾಭಾಂಶ ಹೊಸ ಹೂಡಿಕೆ, ಆದ್ದರಿಂದ ಅದಕ್ಕೆ ಹೊಸದಾಗಿ ಮೂರು ವರ್ಷ. ಹೊಸ ಹೂಡಿಕೆಯಾದ್ದರಿಂದ ಅದರ ಮೇಲೂ ತೆರಿಗೆ ವಿನಾಯಿತಿ ಕೇಳಬಹುದು ಎನ್ನುತ್ತೀರಿ. ಎಂಥ ಔದಾರ್ಯ! ಆದರೆ ಮರುವರ್ಷವೇ ನೀವು ತೆರಿಗೆಯ ಮಿತಿಯನ್ನು ಏರಿಸಿದಿರಿ, ಹೋಟೆಲಿನವರು ಅಪ್ಪನ ಸಂಬಳವನ್ನು ಏರಿಸಲಿಲ್ಲ. ಅಂದಿನಿಂದ ಅವರಿಗೆ ತೆರಿಗೆಯೇ ಬರುವುದಿಲ್ಲ. ತೆರಿಗೆಯೇ ಇಲ್ಲದವನು ಯಾವ ವಿನಾಯಿತಿ ಕೇಳಬೇಕು? ವಿನಾಯಿತಿಯನ್ನೇ ಕೊಡದ ಹಣಕ್ಕೆ ಬೀಗ ಹಾಕುವ ಹಕ್ಕು ನಿಮಗೆ ಎಲ್ಲಿಂದ ಬಂತು? ಬೀಗದೊಳಗೆ ಉಳಿದ ಆ ಚೂರಿಗೂ ಪ್ರತಿ ವರ್ಷ ಲಾಭಾಂಶ ಬರುತ್ತದೆ, ಅದಕ್ಕೂ ಮತ್ತೆ ಮೂರು ವರ್ಷ. ಹಾಗಾದರೆ ಈ ಖಾತೆ ಮುಚ್ಚುವುದು ಯಾವ ಶತಮಾನದಲ್ಲಿ?

ಕಳೆದ ವರ್ಷ ಸಾನಪಾಡಾದ ಒಂದು ಆಫೀಸು ಕಟ್ಟಡದವರು ತಮ್ಮ ಕ್ಯಾಂಟೀನನ್ನು ವರ್ಷದ ಕರಾರಿಗೆ ಕೊಡಲು ಅರ್ಜಿ ಕರೆದರು. ಪರರ ಹಣ ಎಣಿಸುತ್ತ ಬಂದ ಅಪ್ಪನಿಗೆ ಸ್ವಂತದ್ದೊಂದು ಒಲೆ ಹಚ್ಚುವ ಆಸೆ. ಆಯ್ಕೆಯೂ ಆದರು. ಠೇವಣಿ ಒಂದೂವರೆ ಲಕ್ಷ. ಅಮ್ಮನ ಬಳೆ ಅಡವಿಟ್ಟದ್ದೂ ಫಂಡಿನ ಹಣವೂ ಸೇರಿದರೆ ಸರಿಹೋಗುತ್ತಿತ್ತು. ಫಂಡಿನವರು ಕಳಿಸಿದ ಕಾಗದದಲ್ಲಿ ಒಟ್ಟು ಮೊತ್ತ ಒಂದೇ ಸಾಲಿನಲ್ಲಿತ್ತು. ಸಂಘದ ಕ್ಯಾಲೆಂಡರಿನಲ್ಲಿ ಮೂರು ವರ್ಷ ತುಂಬುವ ದಿನಕ್ಕೆ ಅಪ್ಪ ಕೆಂಪು ಶಾಯಿಯ ಸುತ್ತು ಹಾಕಿದ್ದರು. ಆ ದಿನಕ್ಕೆ ಹನ್ನೊಂದು ದಿನ ಮೊದಲು ಮತ್ತೊಂದು ಲಾಭಾಂಶ ಬಂದದ್ದು ಅವರಿಗೆ ಗೊತ್ತಿರಲಿಲ್ಲ.

ಠಾಣೆ ನಗರದ ಫಂಡಿನ ಕಚೇರಿಯ ಕೌಂಟರಿನಲ್ಲಿ ನಾನು ಎಂದಿನಂತೆ ಅಪ್ಪನ ಹಿಂದೆ ನಿಂತಿದ್ದೆ.

"ಅಂಕಲ್, ಪೂರಾ ನಹೀಂ ನಿಕಲೇಗಾ. ಇಕ್ತೀಸ್ ಹಜಾರ್ ಅಭೀ ಲಾಕ್ ಮೇಂ ಹೈ." ಪೂರ್ತಿ ಬರುವುದಿಲ್ಲ, ಮೂವತ್ತೊಂದು ಸಾವಿರ ಇನ್ನೂ ಬೀಗದೊಳಗಿದೆ ಎಂದಳು ಕೌಂಟರಿನ ಹುಡುಗಿ.

"ಲಾಕ್ ಕಿಸ್ನೇ ಕಿಯಾ?" ಬೀಗ ಹಾಕಿದ್ದು ಯಾರು ಎಂದು ಅಪ್ಪ ಕೇಳಿದರು.

"ಆಪ್ ನೇ ಹೀ, ಅಂಕಲ್" ಎಂದು ಆ ಹುಡುಗಿ ಫಾರಂ ತಿರುಗಿಸಿ ತೋರಿಸಿದಳು. ಬೀಗ ಹಾಕಿದ್ದು ನೀವೇ ಎಂದು ಅವಳು ಬೆರಳಿಟ್ಟ ಜಾಗದಲ್ಲಿದ್ದುದು ನನ್ನ ಗುರುತು. ಅಪ್ಪ ನನ್ನತ್ತ ತಿರುಗಿ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಮೂವತ್ತೊಂದು ಸಾವಿರ ಹೊಂದಿಸಲು ಮೂರು ದಿನ ಉಳಿದಿತ್ತು. ಬಿಟ್ಟುಬರಲಿರುವ ಹೋಟೆಲಿನ ಧಣಿಯ ಮುಂದೆ ಕೈಚಾಚಲು ಅವರಿಗೆ ಮನಸ್ಸಾಗಲಿಲ್ಲ. ಸಂಘದಲ್ಲಿ ಕೇಳಿದರು, ಹನ್ನೆರಡು ಸಾವಿರ ಸಿಕ್ಕಿತು. ಕ್ಯಾಂಟೀನು ಬೇರೆಯವರಿಗೆ ಹೋಯಿತು.

ಸಹಿ ಹಾಕಿದ್ದೀರಲ್ಲ ಎಂದು ನೀವು ಹೇಳುವಿರಿ. ಹೌದು, ಹಾಕಿದ್ದೇವೆ. ಆ ಫಾರಮ್ಮನ್ನು ಆಮೇಲೆ ನಾಲ್ಕು ಸಲ ಓದಿದೆ. 'ತೆರಿಗೆ ಉಳಿಸಿ' ಎಂಬುದು ದೂರದಿಂದಲೇ ಕಾಣುತ್ತದೆ. ಲಾಭಾಂಶದ ಬೀಗದ ವಿಷಯ ಹಿಂದಿನ ಪುಟದಲ್ಲಿ, ಇರುವೆಗಾತ್ರದ ಅಕ್ಷರಗಳಲ್ಲಿದೆ. ಮೋಸವಿಲ್ಲದ ಕರಾರಿಗೆ ಇಷ್ಟು ಸಣ್ಣ ಅಕ್ಷರ ಏಕೆ ಬೇಕು?

ನನ್ನ ಬೇಡಿಕೆ ಸರಳ. ಯಾವ ಲಾಭಾಂಶದ ಮೇಲೆ ಹೂಡಿಕೆದಾರ ವಿನಾಯಿತಿ ಪಡೆದಿಲ್ಲವೋ, ಅದು ಮೂಲ ಹಣದ ಜೊತೆಗೇ ಬಿಡುಗಡೆಯಾಗಬೇಕು. ಈಗಾಗಲೇ ಸಿಕ್ಕಿಬಿದ್ದವರಿಗೂ ಇದು ಅನ್ವಯಿಸಬೇಕು, ಅದೂ ಬರುವ ಏಪ್ರಿಲಿನೊಳಗೆ. ಏಪ್ರಿಲೇ ಏಕೆಂದರೆ, ಆಗ ಆ ಕ್ಯಾಂಟೀನಿಗೆ ಮತ್ತೆ ಅರ್ಜಿ ಕರೆಯುತ್ತಾರೆ. ಈ ಸಲ ಠೇವಣಿ ಇನ್ನೂ ಹೆಚ್ಚು, ನಿಮ್ಮಲ್ಲಿರುವ ಹಣ ಬಂದರಷ್ಟೇ ನಮಗೆ ಎಟುಕುತ್ತದೆ. ಇನ್ನು ಮುಂದೆ ಬರುವ ಲಾಭಾಂಶ ಬಿಟ್ಟರೂ, ಈಗಿರುವುದರ ಕೊನೆಯ ಭಾಗ ಬಿಡುಗಡೆಯಾಗುವುದು ಎರಡು ಸಾವಿರದ ಹದಿನೈದಕ್ಕೆ. ಅಪ್ಪನಿಗೆ ಈ ಜೂನಿನಲ್ಲಿ ಐವತ್ತೈದು ತುಂಬುತ್ತದೆ. ಐವತ್ತೈದು ತುಂಬಿದವರು ಅರ್ಜಿ ಹಾಕುವಂತಿಲ್ಲ ಎಂದು ಕಟ್ಟಡದವರ ನಿಯಮ. ಅವರು ಅದನ್ನು ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.

ಇಂತಿ,
ನಿಮ್ಮನ್ನು ನಂಬಿದ ಮನೆಯಲ್ಲಿ ಫಾರಂ ತುಂಬಿದವಳು,
ನಿಶ್ಮಿತಾ
ಡೊಂಬಿವಲಿ ಪೂರ್ವ, ಜನವರಿ ೨೦೧೩