ಬೇವಿನ ಕಡೆಯಿಂದ ಮೂರನೆಯ ಬಾಗಿಲು

ಹುಬ್ಬಳ್ಳಿ
೨೧೧೨ರ ಶ್ರಾವಣ, ಪಂಚಮಿಯ ಮಾರನೆಯ ದಿನ

ಗಿರಣಿ ಚಾಳದ ಶಿವಲೀಲಾ ಅವರಿಗೆ,

ನಿಮ್ಮನ್ನು ಅಕ್ಕ ಅನ್ನಲೋ ಮುತ್ತಜ್ಜಿ ಅನ್ನಲೋ ತಿಳಿಯುತ್ತಿಲ್ಲ. ನಮಗೆ ಸಿಕ್ಕಿರುವ ನಿಮ್ಮ ಪಂಚಮಿಯ ಫೋಟೋದಲ್ಲಿ ನೀವು ನನಗಿಂತ ಸ್ವಲ್ಪವೇ ದೊಡ್ಡವರು. ನಿಮ್ಮ ಸೊಂಟದ ಮೇಲೆ ಕೂತು ಫೋನಿಗೆ ಕೈ ಚಾಚಿರುವ ಕೂಸು ಲಾಸ್ಯಾ ಈಗ ನಮ್ಮ ಓಣಿಯ ಲಾಸ್ಯಾ ಅಜ್ಜಿ. ಎಂಬತ್ತೆಂಟಾದರೂ ಬೆಲ್ಲ ಬಚ್ಚಿಟ್ಟು ತಿನ್ನುತ್ತಾರೆ. ಈ ಪತ್ರದ ಕೆಲವು ಪದಗಳು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿಲ್ಲ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ನಾನು ‘ಸಾಲುಕಟ್ಟೆ’ಯವಳು. ನಿಮ್ಮ ವಾಟ್ಸಾಪ್ ಗ್ರೂಪಿನಂಥದ್ದೇ ಒಂದು ಹರಟೆಕಟ್ಟೆ ಅದು. ಕೆಡವಿಹಾಕಿದ ಸಾಲುಮನೆಗಳ ಓಣಿಗಳನ್ನು ಹಳೆಯ ಫೋಟೋ, ನಕ್ಷೆಗಳಿಂದ ಗುರುತಿಸುವುದು ನಮ್ಮ ಹುಚ್ಚು. ಯಾರಾದರೂ ಒಂದು ಫೋಟೋ ಹಾಕಿದರೆ ಹೆಂಚಿನ ಇಳಿಜಾರು, ಕರೆಂಟು ಕಂಬ, ನಲ್ಲಿಯ ಕಟ್ಟೆ ನೋಡುತ್ತಾ ಊಟ ಮರೆಯುತ್ತೇವೆ. ನೀವು ನಲ್ಲಿಯ ಮುಂದೆ ಪಾಳಿಗೆ ಕೊಡ ಇಟ್ಟು ಒಳಗೆ ಹೋಗುತ್ತಿದ್ದಿರಂತೆ, ಮುಂಜಾನೆ ಒಬ್ಬರ ಒಗ್ಗರಣೆ ವಾಸನೆಗೆ ಇನ್ನೊಬ್ಬರು ಬಟ್ಟಲು ಹಿಡಿದು ಬರುತ್ತಿದ್ದರಂತೆ. ನಮಗೆ ನೀರು ಗೋಡೆಯೊಳಗೇ ಬರುತ್ತದೆ. ಆದರೆ ಗೋಡೆಯಾಚೆ ಇರುವವರ ಹೆಸರು ತಿಳಿಯಲು ವರ್ಷವೇ ಬೇಕು.

ಹೇಳಲು ಕಷ್ಟವಾಗುತ್ತದೆ, ನಿಮ್ಮ ಚಾಳದ ಸಾಲುಮನೆಗಳೂ ಹೋದವು. ಆಗ ಲಾಸ್ಯಾ ಅಜ್ಜಿಗೆ ಏಳು ವರ್ಷ. ಆಮೇಲೆ ನೀವು ಇದ್ದದ್ದೆಲ್ಲ ಬಾಡಿಗೆ ಮನೆಗಳು, ಪಂಚಮಿಯ ಜೋಕಾಲಿ ಕಟ್ಟಲು ತೊಲೆಯಿಲ್ಲದವು. ಆ ಖಾಲಿ ಜಾಗದಲ್ಲಿ ಈಗ ‘ನೀರುಮಡಿಲು’ ಬರುತ್ತಿದೆ, ಅಂದರೆ ಇಡೀ ಬಡಾವಣೆಯ ಮಳೆನೀರು ಹಿಡಿಯುವ ದೊಡ್ಡ ಹೊಂಡ. ಪಂಚಮಿ ಮುಗಿದ ಕೂಡಲೇ ಅಗೆತ ಎಂದು ಗೊತ್ತಾದ ದಿನ ಅಜ್ಜಿ ನನ್ನನ್ನು ಕರೆಸಿದರು.

“ಹೆಣ್ಮಕ್ಕಳೆಲ್ಲಾ ಪಂಚಮಿಗೆ ತವರಿಗೆ ಹೋಗ್ತಾರ. ನಾ ಒಮ್ಮೆನೂ ಹೋಗಿಲ್ಲ ನೋಡವ್ವಾ. ನಮ್ಮ ಬಾಗಲ ಎಲ್ಲಿತ್ತಂತ ಹುಡುಕಿಕೊಡು. ಒಂದು ಜೀಕು ಜೀಕಿ ಬಂದುಬಿಡ್ತೀನಿ.”

ಅಜ್ಜಿಗೆ ನೆನಪಿದ್ದದ್ದು ನೀಲಿ ಬಾಗಿಲು, ಬೇವಿನ ಮರ, ಅಷ್ಟೇ. ನಕ್ಷೆಯಲ್ಲಿ ಎರಡು ಸಾಲುಗಳು ಎದುರುಬದುರು ನಿಂತಿದ್ದವು, ಓಣಿಯ ಪೂರ್ವದ ತುದಿಗೆ ಬೇವು. ಫೋಟೋದಲ್ಲಿ ನಿಮ್ಮ ಬೆನ್ನಿಗೆ ನೀಲಿ ಬಾಗಿಲು, ಎಡಗಡೆ ಎರಡು ಮನೆಗಳಾಚೆ ಬೇವು. ಪೂರ್ವದ ಮರ ಎಡಕ್ಕೆ ಕಾಣಬೇಕಾದರೆ ಹಿಂದಿರುವುದು ದಕ್ಷಿಣದ ಸಾಲೇ. ಬೇವಿನ ಕಡೆಯಿಂದ ಮೂರನೆಯ ಬಾಗಿಲು. ಅಲ್ಲೇ ಜೋಕಾಲಿಗೆ ಕಂಬ ನೆಟ್ಟೆವು.

ನಮ್ಮ ಮೌನೇಶ ಕಟ್ಟೆಯಲ್ಲಿ ಬರೆದ: “ನೂರಕ್ಕ ನೂರು. ತಪ್ಪಿದ್ರ ಮೀಸಿ ಬೋಳಸ್ತೀನಿ.”

“ಮೊದಲ ಮೀಸಿ ಬರಲಿ ತಡಿಯಪಾ,” ಎಂದೆ ನಾನು.

ಹಬ್ಬದ ಮುನ್ನಾದಿನ ನಿಮ್ಮ ಫೋಟೋವನ್ನು ಆಳೆತ್ತರ ಮಾಡಿ ಅಜ್ಜಿಯ ಗೋಡೆಯ ಮೇಲೆ ಮೂಡಿಸಿದೆವು. ನಾವೆಲ್ಲ ಬಾಗಿಲು ನೋಡುತ್ತಿದ್ದೆವು, ಅವರು ನಿಮ್ಮನ್ನು ನೋಡುತ್ತಿದ್ದರು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದರು.

“ನಮ್ಮವ್ವ ಎಡಕ್ಕ ಯಾಕ ಸೆರಗ ಹಾಕ್ಯಾಳ?”

“ಆಗ ಎಲ್ಲಾರೂ ಎಡಕ್ಕ ಹಾಕ್ತಿದ್ರಲ್ರಿ ಅಜ್ಜಿ.”

“ಎಲ್ಲಾರೂ ಹಾಕ್ಲಿ. ನಮ್ಮ ಮನ್ಯಾಗ ಬಲಸೆರಗ. ಹಬ್ಬದ ದಿನ ಎಡಕ್ಕ ಹಾಕಿದ್ರ ನಮ್ಮಜ್ಜಿ ಅವ್ವಗ ಒಲಿ ಮುಟ್ಟಾಕ ಬಿಡ್ತಿದ್ದಿಲ್ಲ.”

ಮೌನೇಶನೇ ಎದ್ದು ಫೋಟೋವನ್ನು ಎಡಬಲ ಮಗುಚಿದ. ಸೆರಗು ಬಲಭುಜಕ್ಕೆ ಬಂತು, ಬೇವು ಬಲಕ್ಕೆ ಹೋಯಿತು, ನಿಮ್ಮ ಬಾಗಿಲು ಓಣಿ ದಾಟಿ ಉತ್ತರದ ಸಾಲಿಗೆ ಬಂದು ನಿಂತಿತು. ನಿಮ್ಮ ಕಾಲದ ಕೆಲವು ಫೋನುಗಳು ಸೆಲ್ಫಿಯನ್ನು ಕನ್ನಡಿಯಂತೆ ತಿರುವಿ ಇಡುತ್ತಿದ್ದವು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ಕತ್ತರಿ ಸಾಕೋ, ಹಜಾಮರನ್ನ ಕರಸ್ಲೋ?” ಎಂದು ಕಟ್ಟೆಯಲ್ಲಿ ಯಾರೋ ಬರೆದರು. ಮೌನೇಶ ಕಂಬ ಕಿತ್ತು ಉತ್ತರದ ಸಾಲಿನಲ್ಲಿ ನೆಡಲು ಹೋದ.

ನಿನ್ನೆ ಅಜ್ಜಿ ಬಲಸೆರಗು ಹೊದ್ದು, ಶೇಂಗಾ ಉಂಡಿಯ ಡಬ್ಬಿ ಹಿಡಿದು ಬಂದರು. ಹುಲ್ಲು ಬೆಳೆದ ಬಯಲು, ಗೋಡೆಯಿಲ್ಲ, ಬೇವೂ ಇಲ್ಲ. ಹೊಸಿಲೆಂದು ನಾವು ಎಳೆದ ಸುಣ್ಣದ ಗೆರೆಯ ಹತ್ತಿರ ನಿಂತು ಹಿಂತಿರುಗಿ ನೋಡಿದರು.

“ಚಪ್ಪಲಿ ಹೊರಗ ಬಿಡ್ರಿ ಎಲ್ಲಾರೂ. ನಮ್ಮವ್ವ ಈಗಷ್ಟ ಸಾರಿಸ್ಯಾಳ.”

ಬಿಟ್ಟೆವು. ಆ ಬಯಲಿನಲ್ಲಿ ಗೆರೆಯಾಚೆ ಸಾಲಾಗಿ ಚಪ್ಪಲಿಗಳು, ಈಚೆ ಬರಿಗಾಲಲ್ಲಿ ನಾವು. ಅಜ್ಜಿ ಒಂದು ಜೀಕು ಎಂದವರು ಇಳಿಯಲೇ ಇಲ್ಲ. ಮೌನೇಶ ತೂಗಿ ತೂಗಿ ಕೈಸೋತ.

ಇವತ್ತು ಅಗೆಯುವ ಯಂತ್ರ ಬಂದಿದೆ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನದೊಂದು ಕೋರಿಕೆ. ಮುಂದಿನ ಸಲ ಫೋನ್ ಎತ್ತಿದಾಗ ಅದನ್ನು ಒಮ್ಮೆ ಆಚೆ ತಿರುಗಿಸಿ. ಸುಮ್ಮನೆ ಓಣಿಯನ್ನು ತೆಗೆಯಿರಿ, ಎದುರಿನ ಸಾಲನ್ನು, ನಲ್ಲಿಯ ಮುಂದಿನ ಕೊಡಗಳನ್ನು, ಯಾರೂ ಇಲ್ಲದ ಬಾಗಿಲನ್ನು. ಇದರಲ್ಲೇನಿದೆ ಎಂದು ಅಳಿಸಬೇಡಿ. ನಮಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ.

ಅಜ್ಜಿಯದು ಕೋರಿಕೆಯಲ್ಲ, ಒಂದು ಸುದ್ದಿ. ಡಬ್ಬಿಯಲ್ಲಿ ಉಳಿದ ಒಂದು ಉಂಡಿಯನ್ನು ಗೆರೆಯ ಒಳಗಿಟ್ಟು ಹೇಳಿದರು, “ಪಂಚಮಿಗೆ ಬಂದಿದ್ದೆ ಅಂತ ನಮ್ಮವ್ವಗ ಬರಿ.”

ಬರೆದಿದ್ದೇನೆ.

ಇಂಚರಾ
ಸಾಲುಕಟ್ಟೆ